ಎರಡು ದಾರಿಯ ಯೋಜನೆ: ವಿಶ್ವೇಶ್ವರಯ್ಯನವರ ಜೀವನವನ್ನು ತರಗತಿಯಲ್ಲಿ ಹೇಳಿದ ಬಗೆ

ಈ ಸಾಲಿನ ಬೋಧನಾಭ್ಯಾಸದಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನು ಕಥನ ಪದ್ಧತಿಯಲ್ಲಿ ಮೂರು ಅವಧಿಗಳಲ್ಲಿ ಹೇಳಿದೆ. ಮುದ್ದೇನಹಳ್ಳಿ ಈ ಮಕ್ಕಳಿಗೆ ದೂರದ ಊರಲ್ಲ, ನಂದಿಬೆಟ್ಟದ ಆ ಮಗ್ಗುಲಿಗೇ ಇದೆ. ಬೀದಿದೀಪದ ಕೆಳಗೆ ಓದಿದ ಹುಡುಗ, ಕನ್ನಂಬಾಡಿ ಕಟ್ಟೆ, ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ, ಇವೆಲ್ಲ ಅವರಿಗೆ ಮೂರನೆಯ ತರಗತಿಯಿಂದಲೇ ಬಾಯಿಪಾಠ. ಅದನ್ನೇ ಮತ್ತೆ ಹೇಳಿದರೆ ಮಕ್ಕಳಿಗೆ ಹೊಸದೇನೂ ಸಿಗದು. ಆದ್ದರಿಂದ ಇಡೀ ಜೀವನಕ್ಕೆ ಒಂದೇ ಪ್ರಶ್ನೆಯನ್ನು ದಾರವಾಗಿ ಹಿಡಿದುಕೊಂಡೆ: ಮುಂದೆ ಏನಾಗುತ್ತದೆಂದು ಯಾರಿಗೂ ತಿಳಿಯದಿದ್ದಾಗ ಈ ಮನುಷ್ಯ ಕೆಲಸವನ್ನು ಹೇಗೆ ಯೋಜಿಸಿದರು? ಆ ಕಥನವನ್ನೂ, ಅದರಿಂದ ನಮ್ಮ ಪಾಠಯೋಜನೆಗೆ ಸಿಕ್ಕ ಉಪಯೋಗವನ್ನೂ ಸಹಪಾಠಿ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ಪೀಠಿಕೆ: ಕೋಡಿ ಏಕೆ?

ಪೂರ್ವಜ್ಞಾನ ಪರೀಕ್ಷೆಗೆ ಕೆರೆಯನ್ನು ಆರಿಸಿಕೊಂಡೆ. ಕೆರೆಗೆ ಏನೇನು ಇರುತ್ತದೆ ಎಂದು ಕೇಳಿದರೆ ಏರಿ, ತೂಬು, ಕೋಡಿ ಎಂದು ಮಕ್ಕಳು ತಾವೇ ಹೇಳಿದರು. ನಮ್ಮ ಕಡೆಯ ಎಷ್ಟೋ ಕೆರೆಗಳು ವರ್ಷಗಟ್ಟಲೆ ತುಂಬುವುದಿಲ್ಲ. ಹಾಗಿರುವಾಗ ಕೋಡಿ ಕಟ್ಟಲು ಏಕೆ ಖರ್ಚು ಮಾಡಿದರು ಎಂದು ಮುಂದಿನ ಪ್ರಶ್ನೆ. ತುಂಬಿದ ವರ್ಷ ಕೋಡಿ ಇಲ್ಲದಿದ್ದರೆ ಏರಿಯೇ ಒಡೆಯುತ್ತದೆ ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ಕೋಡಿಯ ನೀರು ಎಲ್ಲಿಗೆ ಹೋಗುತ್ತದೆ? ಕೆಳಗಿನ ಕೆರೆಗೆ. ಅಲ್ಲಿಗೆ ಪಾಠದ ಬೀಜ ಸಿಕ್ಕಿತು. ಕೆರೆ ಕಟ್ಟಿದವರಿಗೆ ಮಳೆ ಎಷ್ಟು ಬರುತ್ತದೆಂದು ಗೊತ್ತಿರಲಿಲ್ಲ. ಕಡಿಮೆ ಬಂದರೆ ತೂಬು, ಹೆಚ್ಚು ಬಂದರೆ ಕೋಡಿ ಎಂದು ಎರಡಕ್ಕೂ ಮೊದಲೇ ದಾರಿ ಮಾಡಿಟ್ಟರು. ಹೀಗಾದರೆ ಹೀಗೆ, ಹಾಗಾದರೆ ಹಾಗೆ ಎಂಬ ಮಾತನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಮೂರೂ ಅವಧಿ ಅಳಿಸದೆ ಬಿಟ್ಟೆ.

ಮೊದಲ ಅವಧಿ: ಮುದ್ದೇನಹಳ್ಳಿಯಿಂದ ಸಕ್ಕರ್‌ವರೆಗೆ

ವಿಶ್ವೇಶ್ವರಯ್ಯನವರ ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗ ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಕಲಿತ ಹುಡುಗ ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ ಮುಂದಕ್ಕೆ ಓದಿದ. ಖರ್ಚಿಗೆ ಸಾಲದಾಗ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳಿದ. ಮುಂದೆ ದೇಶಕ್ಕೇ ಹೆಸರಾದ ಎಂಜಿನಿಯರು ದುಡಿದು ತಿಂದ ಮೊದಲ ಅನ್ನ ಪಾಠ ಹೇಳಿದ್ದರಿಂದ ಬಂತು ಎಂಬುದು ನಮಗೆ ಹೆಮ್ಮೆಯ ವಿಷಯ. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದರು.

ಸುಮಾರು ಹತ್ತು ವರ್ಷಗಳ ಮೇಲೆ ಅವರನ್ನು ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಲು ಕಳಿಸಿದರು. ಪಕ್ಕದಲ್ಲೇ ಸಿಂಧೂ ನದಿ, ಆದರೆ ನೀರು ಕೆಸರು. ಸೋಸುವ ತೊಟ್ಟಿಗಳನ್ನು ಕಟ್ಟಿ ಬೆಟ್ಟದ ಮೇಲೆ ನೀರು ಏರಿಸುವುದು ನೇರವಾದ ದಾರಿ. ಪುರಸಭೆಯ ಬಳಿ ಅಷ್ಟು ಹಣವಿರಲಿಲ್ಲ. ಹಣ ಬರಲಿ ಎಂದು ಅವರು ಕೂರಲಿಲ್ಲ. ನದಿಯ ಪಾತ್ರದಲ್ಲೇ ದಡಕ್ಕೆ ಹತ್ತಿರ ಬಾವಿ ತೋಡಿಸಿ, ಮರಳಿನಲ್ಲಿ ತಾನಾಗಿ ಸೋಸಿ ಬಂದ ನೀರನ್ನು ಬಾವಿಯಿಂದ ಮೇಲಕ್ಕೆ ಪಂಪು ಮಾಡಿಸಿದರು. ನಮ್ಮ ಕಡೆ ಬೇಸಿಗೆಯಲ್ಲಿ ಹೊಳೆಯ ಮರಳು ತೋಡಿ ವರತೆಯ ನೀರು ತುಂಬಿಕೊಳ್ಳುತ್ತಿದ್ದುದನ್ನು ಅಜ್ಜಿಯಿಂದ ಕೇಳಿದ್ದ ಹುಡುಗಿಯೊಬ್ಬಳು ಇದೂ ಅದೇ ಅಲ್ಲವೇ ಎಂದಳು. ಹೌದು, ಅದೇ. ಬೇಕಾದದ್ದು ಸೋಸಿದ ನೀರು, ತೊಟ್ಟಿ ಅದನ್ನು ಪಡೆಯುವ ಒಂದು ದಾರಿ ಮಾತ್ರ. ಗುರಿಯನ್ನೂ ದಾರಿಯನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಂಡವರಿಗೆ ಇನ್ನೊಂದು ದಾರಿ ಕಾಣುವುದು ಸುಲಭ ಎಂದು ಆ ಅವಧಿಯನ್ನು ಮುಗಿಸಿದೆ.

ಎರಡನೆಯ ಅವಧಿ: ಬಾಗಿಲು ತಾನೇ ತೀರ್ಮಾನಿಸಿದಾಗ

ಪುಣೆಯ ಹತ್ತಿರ ಖಡಕ್‌ವಾಸ್ಲಾ ಎಂಬಲ್ಲಿ ಜಲಾಶಯವಿದೆ. ಮಳೆಗಾಲದಲ್ಲಿ ಹೆಚ್ಚಾದ ನೀರೆಲ್ಲ ಕೋಡಿಯ ಮೇಲೆ ಹರಿದುಹೋಗುತ್ತಿತ್ತು, ಬೇಸಿಗೆಯಲ್ಲಿ ಊರಿಗೂ ಕಾಲುವೆಗೂ ನೀರು ಸಾಲುತ್ತಿರಲಿಲ್ಲ. ಕೋಡಿಯನ್ನು ಎತ್ತರಿಸಿದರೆ ಹೆಚ್ಚು ನೀರು ನಿಲ್ಲುತ್ತದೆ, ಆದರೆ ದೊಡ್ಡ ಪ್ರವಾಹ ಬಂದ ದಿನ ಕಟ್ಟೆಗೇ ಅಪಾಯ. ಎತ್ತರಿಸದಿದ್ದರೆ ಅಪಾಯವಿಲ್ಲ, ನೀರೂ ಇಲ್ಲ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ವಿನ್ಯಾಸ ಮಾಡಿದರು. 1903ರಲ್ಲಿ ಅವನ್ನು ಅಲ್ಲಿ ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿಕೊಂಡು ಹೆಚ್ಚಿನ ನೀರನ್ನು ಹಿಡಿದಿಡುತ್ತದೆ. ಮಟ್ಟ ಮೀರಿದರೆ ತಾನೇ ತೆರೆದು ಹೊರಕ್ಕೆ ಬಿಡುತ್ತದೆ, ಇಳಿದರೆ ಮತ್ತೆ ಮುಚ್ಚುತ್ತದೆ. ನಡುರಾತ್ರಿ ಪ್ರವಾಹ ಬಂದರೂ ಯಾರೂ ಓಡಿಹೋಗಿ ತೀರ್ಮಾನ ಮಾಡಬೇಕಿಲ್ಲ. ತೀರ್ಮಾನವನ್ನು ಮೊದಲೇ ಮಾಡಿ ಕಬ್ಬಿಣದಲ್ಲಿ ಕೂರಿಸಿದ್ದಾಗಿದೆ.

1908ರಲ್ಲಿ ಅವರು ಮುಂಬಯಿ ಸರ್ಕಾರದ ಕೆಲಸದಿಂದ ಸ್ವಇಚ್ಛೆಯಿಂದ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದಿನ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮೇಲಿನ ಪ್ರದೇಶದ ನೂರಾರು ಕೆರೆಗಳು ಒಂದರ ಹಿಂದೆ ಒಂದು ಒಡೆದದ್ದೂ ಅದಕ್ಕೆ ಕಾರಣವಾಗಿತ್ತು. ಪೀಠಿಕೆಯಲ್ಲಿ ಮಾತನಾಡಿದ್ದ ಕೋಡಿ ಸಾಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇದು ಮಕ್ಕಳಿಗೆ ಕಣ್ಣಿಗೆ ಕಟ್ಟುವ ಉದಾಹರಣೆಯಾಯಿತು. ನಿಜಾಮರ ಸರ್ಕಾರ ಕರೆಸಿದಾಗ ವಿಶ್ವೇಶ್ವರಯ್ಯನವರು ನಗರದ ಮೇಲುಭಾಗದಲ್ಲಿ ಪ್ರವಾಹವನ್ನು ತಡೆಹಿಡಿಯುವ ಜಲಾಶಯಗಳನ್ನು ಸೂಚಿಸಿದರು. ಪ್ರವಾಹ ಬರದ ವರ್ಷಗಳಲ್ಲಿ ಅವೇ ನಗರಕ್ಕೆ ಕುಡಿಯುವ ನೀರು ಕೊಡಬೇಕು ಎಂಬುದೂ ಆಲೋಚನೆಯಲ್ಲಿತ್ತು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹಾಗೆ ಬಂದವು.

ಮೂರನೆಯ ಅವಧಿ: ಎತ್ತರ ತಿಳಿಯದ ಕಟ್ಟೆ

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದರು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಮಂಡ್ಯದ ಕಡೆಯ ಹೊಲಗಳಿಗೆ ನೀರಿರಲಿಲ್ಲ. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟುವ ಅವರ ಯೋಜನೆಗೆ ಮೈಸೂರಿನೊಳಗೇ ಹಣಕಾಸಿನ ಆಕ್ಷೇಪ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ಕೊಟ್ಟು, 1911ರ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿ ಮಂಜೂರಾಗಿ, ನವೆಂಬರಿನಲ್ಲಿ ಸುಮಾರು 10,000 ಜನ ಕೆಲಸಗಾರರೊಂದಿಗೆ ಕಾಮಗಾರಿ ಶುರುವಾಯಿತು.

ಇಲ್ಲಿಗೆ ಬಂದಾಗ ಹಲಗೆಯ ಮೇಲೆ ಒಂದು ಕವಲು ಬರೆದೆ. 1892ರ ಒಪ್ಪಂದದ ಪ್ರಕಾರ ಕಾವೇರಿಗೆ ಹೊಸ ಕಟ್ಟೆ ಕಟ್ಟಲು ಮದರಾಸು ಸರ್ಕಾರದ ಸಮ್ಮತಿ ಬೇಕಿತ್ತು. ಮದರಾಸಿಗೂ ಮೆಟ್ಟೂರಿನಲ್ಲಿ ತನ್ನದೇ ಕಟ್ಟೆಯ ಆಲೋಚನೆಯಿತ್ತು, ಅದು ಒಪ್ಪಲಿಲ್ಲ. ಮೈಸೂರು ಕೇಳಿದ್ದು 41.5 ಟಿಎಂಸಿ, ಅಂದರೆ 4,150 ಕೋಟಿ ಘನ ಅಡಿ ನೀರಿನ ಸಂಗ್ರಹ. ಭಾರತ ಸರ್ಕಾರ ಆಗ ಅನುಮತಿ ಕೊಟ್ಟದ್ದು 11 ಟಿಎಂಸಿಗೆ ಮಾತ್ರ. ಮುಂದೆ ಪೂರ್ತಿ ಎತ್ತರಕ್ಕೆ ಅನುಮತಿ ಬರಬಹುದು, ಬಾರದೆಯೂ ಇರಬಹುದು. ಕಾಮಗಾರಿಯ ವೇಳಾಪಟ್ಟಿಯನ್ನು ಹೇಗೆ ಬರೆಯುವುದು?

ಮಕ್ಕಳನ್ನು ಮೂರು ಗುಂಪು ಮಾಡಿ ಉತ್ತರ ಕೇಳಿದೆ. ಒಂದು ಗುಂಪು ಅನುಮತಿ ಬರುವವರೆಗೆ ಕಾಯಬೇಕು ಎಂದಿತು. ಇನ್ನೊಂದು, ಸಿಕ್ಕಷ್ಟಕ್ಕೆ ಸಣ್ಣ ಕಟ್ಟೆ ಕಟ್ಟಿ, ಆಮೇಲೆ ಬೇಕಾದರೆ ಎತ್ತರಿಸಬಹುದು ಎಂದಿತು. ಮೂರನೆಯದು ಅಡಿಪಾಯ ದೊಡ್ಡದು ಹಾಕಿ ಮೇಲಿನದನ್ನು ಸಣ್ಣದಾಗಿ ಕಟ್ಟಬೇಕು ಎಂದಿತು. ಎರಡನೆಯ ಗುಂಪಿನ ಉತ್ತರವನ್ನು ಪರೀಕ್ಷಿಸಲು ವಿಜ್ಞಾನ ಪಾಠದ ನೆರವು ಪಡೆದೆವು. ಕಲ್ಲುಗಾರೆಯ ಕಟ್ಟೆ ತನ್ನ ತೂಕದಿಂದಲೇ ನೀರನ್ನು ತಡೆದು ನಿಲ್ಲುತ್ತದೆ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ. ಕಟ್ಟೆಯ ಮೇಲಿನ ಒಟ್ಟು ನೂಕುಬಲ ಆಳದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನೀರಿನ ಎತ್ತರ ಒಂದೂವರೆ ಪಟ್ಟಾದರೆ ನೂಕುಬಲ ಎರಡೂಕಾಲು ಪಟ್ಟು. ಆದ್ದರಿಂದ ಎತ್ತರದ ಕಟ್ಟೆಗೆ ಬುಡ ಅಗಲವಾಗಿರಬೇಕು. ಬುಡದ ಕೆಲಸ ನಡೆಯುವುದು ಹೊಳೆಯ ಪಾತ್ರದಲ್ಲಿ, ಅದೂ ಬೇಸಿಗೆಯಲ್ಲಿ. ನೀರು ನಿಂತ ಮೇಲೆ ಬುಡವನ್ನು ಅಗಲ ಮಾಡುವುದು ಬಲು ಕಷ್ಟ. ಮೇಲ್ಭಾಗವನ್ನು ಏರಿಸುವುದಾದರೆ ಯಾವಾಗ ಬೇಕಾದರೂ ಆದೀತು.

ವಿಶ್ವೇಶ್ವರಯ್ಯನವರು ಹಿಡಿದದ್ದು ಮೂರನೆಯ ಗುಂಪಿನ ದಾರಿ. ಅಡಿಪಾಯ ಪೂರ್ತಿ ಎತ್ತರದ ಕಟ್ಟೆಗೆ ತಕ್ಕಂತೆ ಬಿತ್ತು, ಮೊದಲ ಹಂತದ ಗೋಡೆ ಅನುಮತಿ ಇದ್ದಷ್ಟಕ್ಕೆ ಏರತೊಡಗಿತು. ಅನುಮತಿ ಬಾರದೇ ಹೋದರೆ ಅಡಿಪಾಯದ ಹೆಚ್ಚಿನ ಖರ್ಚು ನಷ್ಟ, ಆದರೆ ಸಣ್ಣ ಕಟ್ಟೆ ನಿಂತಿರುತ್ತದೆ, ಗಣಿಗಳಿಗೆ ವಿದ್ಯುತ್ ಹೋಗುತ್ತದೆ. ಬಂದರೆ ಅದೇ ಬುಡದ ಮೇಲೆ ಎರಡನೆಯ ಹಂತ. ಈ ನಡುವೆ 1915ರ ಮಧ್ಯಭಾಗಕ್ಕೆ ಗಣಿಗಳಿಗೆ ಹೆಚ್ಚಿನ ವಿದ್ಯುತ್ ಕೊಡುವ ಮಾತಿತ್ತು. ಹೊಳೆಯ ಪ್ರವಾಹ ಕಾಮಗಾರಿಯ ಒಂದು ಭಾಗವನ್ನು ಕೆಡಿಸಿದರೂ, ರಾತ್ರಿ ದೀಪ ಹಾಕಿ ದುಡಿದು ಗಡುವಿಗೆ ಬೇಕಾದಷ್ಟು ಎತ್ತರ ಮುಟ್ಟಿಸಿದರು.

ಈ ದಾರಿಗೆ ಬೆಲೆಯೂ ಇತ್ತು. ಅಗಲವಾದ ಅಡಿಪಾಯ ಮದರಾಸಿನ ಕಣ್ಣಿಗೆ ಮುನ್ನೆಚ್ಚರಿಕೆಯಾಗಿ ಕಾಣಲಿಲ್ಲ. ಅನುಮತಿ ಮೀರಿ ಕಟ್ಟುವ ಉದ್ದೇಶವೆಂದು ಅವರು ಕಂಡರು, ವಿವಾದ ಬಿಗಿಯಾಯಿತು. ಗ್ರಿಫಿನ್ ಎಂಬ ಮಧ್ಯಸ್ಥರು 1914ರಲ್ಲಿ ತೀರ್ಪು ಕೊಟ್ಟರು, ಅದಕ್ಕೂ ಮದರಾಸು ಒಪ್ಪಲಿಲ್ಲ. ಕೊನೆಗೆ 1924ರ ಫೆಬ್ರುವರಿಯಲ್ಲಿ ಒಪ್ಪಂದವಾಯಿತು. ಪ್ರತಿ ಮಳೆಗಾಲದಲ್ಲಿ ಪತ್ರಿಕೆಗಳು ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ ಎಂದು ಅಚ್ಚು ಹಾಕುತ್ತವೆ. ಆ 124 ಅಡಿ ಎಂಬ ಅಂಕಿ ಇತ್ಯರ್ಥವಾಗಲು ಕೆಲಸ ಶುರುವಾಗಿ ಹನ್ನೆರಡು ವರ್ಷಗಳ ಮೇಲೆ ಹಿಡಿಯಿತು. 1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರು ಅಷ್ಟು ಹೊತ್ತಿಗೆ ಆ ಪದವಿ ಬಿಟ್ಟು ಐದಾರು ವರ್ಷಗಳಾಗಿದ್ದವು. ಅಡಿಪಾಯ ಮಾತ್ರ ಸಿದ್ಧವಾಗಿ ಕಾದಿತ್ತು. 1930ರ ದಶಕದ ಆರಂಭದಲ್ಲಿ ಕಟ್ಟೆ ಪೂರ್ತಿಯಾಯಿತು.

ಒಂದು ಹುಡುಗಿ ಕೇಳಿದ ಪ್ರಶ್ನೆ

ನನ್ನ ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆಯೊಂದು ಇಲ್ಲಿ ಬಂತು. ಕಟ್ಟೆಯ ಎತ್ತರ ಇತ್ಯರ್ಥವಾಗಿರಲಿಲ್ಲ ಎಂದರೆ, ಯಾವ ಯಾವ ಊರು ಮುಳುಗುತ್ತದೆ ಎಂದೂ ಆ ಊರಿನವರಿಗೆ ಗೊತ್ತಿರಲಿಲ್ಲ ಅಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ಹಳೆಯ ಕನ್ನಂಬಾಡಿ ಊರು ನೀರಿನೊಳಗೆ ಹೋಯಿತು. ಬರಗಾಲದಲ್ಲಿ ನೀರು ತೀರಾ ಇಳಿದಾಗ ಅಲ್ಲಿನ ದೇವಸ್ಥಾನ ಎದ್ದು ಕಾಣುತ್ತಿತ್ತು. ಸುತ್ತಲಿನ ಇನ್ನೂ ಹಲವು ಊರುಗಳು ಮುಳುಗಿದವು. ದೊಡ್ಡಬಳ್ಳಾಪುರ ಮತ್ತು ಕೊರಟಗೆರೆ ತಾಲ್ಲೂಕುಗಳ ಗಡಿಯಲ್ಲಿ ಎತ್ತಿನಹೊಳೆ ನೀರಿಗೆ ಜಲಾಶಯ ಕಟ್ಟುವ ಮಾತು ಬಂದಾಗ, ಯಾವ ಊರು ಹೋಗುತ್ತದೆ, ಪರಿಹಾರ ಎಷ್ಟು ಎಂಬ ಚರ್ಚೆ ವರ್ಷಗಟ್ಟಲೆ ನಡೆದದ್ದು ಈ ಮಕ್ಕಳಿಗೆ ಗೊತ್ತು. ಮನೆಗೆ ಹೊಸ ಹೆಂಚು ಹಾಕಿಸಬೇಕೇ, ತೆಂಗಿನ ಸಸಿ ನೆಡಬೇಕೇ ಎಂದು ತೀರ್ಮಾನಿಸಲಾಗದೆ ಜನ ಕಾಯುವುದನ್ನು ಅವರು ಬಲ್ಲರು.

ನಾನು ಆ ಪ್ರಶ್ನೆಯನ್ನು ಹಲಗೆಗೆ ಏರಿಸಿದೆ. ಯೋಜನೆ ಮಾಡುವವರಿಗೆ ಎರಡು ದಾರಿ ತೆರೆದಿರುವುದು ಅನುಕೂಲ. ಆ ದಾರಿಗಳ ಮೇಲೆ ಬದುಕುವವರಿಗೆ ಅದೇ ಅನಿಶ್ಚಯ ದಿನದಿನದ ಚಿಂತೆ. ಆದ್ದರಿಂದ ಕವಲು ಬರೆದರಷ್ಟೇ ಸಾಲದು. ತೀರ್ಮಾನ ಎಂದು ಆಗುತ್ತದೆ, ಯಾರು ಮಾಡುತ್ತಾರೆ, ಅದನ್ನು ಯಾರಿಗೆಲ್ಲ ತಿಳಿಸಬೇಕು, ಅಲ್ಲಿಯವರೆಗೆ ಕಾಯುವವರಿಗೆ ಏನು ಆಸರೆ ಎಂಬುದನ್ನೂ ಕವಲಿನ ಪಕ್ಕದಲ್ಲೇ ಬರೆಯಬೇಕು ಎಂದು ತರಗತಿ ಒಮ್ಮತಕ್ಕೆ ಬಂತು. ಈ ಭಾಗ ಪೂರ್ತಿಯಾಗಿ ಮಕ್ಕಳದೇ.

ದಾರಿ ಮುಚ್ಚಿದ ಕಡೆಗಳು

ದಿವಾನರಾಗಿ ಅವರ ಕಾಲದಲ್ಲಿ ಮೈಸೂರು ಬ್ಯಾಂಕು (1913), ಮೈಸೂರು ವಿಶ್ವವಿದ್ಯಾನಿಲಯ (1916) ಬಂದವು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ವಿಚಾರಕ್ಕೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಪದವಿ ಬಿಟ್ಟರು. ಹೊಳೆಗೆ ಎರಡು ದಾರಿ ಬರೆದವರು ಈ ಪ್ರಶ್ನೆಗೆ ನಡುದಾರಿ ಹುಡುಕಲಿಲ್ಲ. ಆ ಸಮಿತಿ ತೆರೆದ ದಾರಿಯಿಂದ ಎಷ್ಟೋ ಮನೆಗಳ ಮೊದಲ ತಲೆಮಾರು ಓದಿ ಕೆಲಸ ಹಿಡಿಯಿತು. ದೊಡ್ಡವರ ಜೀವನ ಹೇಳುವಾಗ ಇಂಥ ಪುಟಗಳನ್ನು ಹಾರಿಸಬಾರದೆಂದು ನನ್ನ ಅಭಿಪ್ರಾಯ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇನ್ನೊಂದು ಉದಾಹರಣೆ. ಯುದ್ಧಕಾಲದಲ್ಲಿ ಕಬ್ಬಿಣಕ್ಕೆ ಒಳ್ಳೆಯ ಬೆಲೆಯಿದ್ದಾಗ ಯೋಜನೆ ಹುಟ್ಟಿತು. 1923ರಲ್ಲಿ ಉತ್ಪಾದನೆ ಶುರುವಾಗುವ ಹೊತ್ತಿಗೆ ಬೆಲೆ ಕುಸಿದಿತ್ತು. ನಷ್ಟದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಿಶ್ವೇಶ್ವರಯ್ಯನವರು ವಹಿಸಿಕೊಂಡು ಖರ್ಚು ತಗ್ಗಿಸಿ ಅದನ್ನು ಉಳಿಸಿದರು. ಬರೀ ಬೀಡುಕಬ್ಬಿಣ ಮಾರಿ ಬದುಕಲಾಗದೆಂದು ಕಂಡಮೇಲೆ ಕೊಳವೆಗಳು, ಮುಂದೆ ಉಕ್ಕು, ಸಿಮೆಂಟು ಅಲ್ಲಿ ತಯಾರಾದವು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ಎರಡು ಬಗೆಯ ಅನಿಶ್ಚಯ

ಅವರ ಕೊನೆಗಾಲದಲ್ಲೇ ಕಾಮಗಾರಿಗಳ ವೇಳಾಪಟ್ಟಿಗೆ ಹೊಸ ವಿಧಾನಗಳು ಬಂದವು. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ರೂಪಿಸಿದ ಪರ್ಟ್ ಎಂಬ ಜಾಲನಕ್ಷೆಯಲ್ಲಿ ಪ್ರತಿ ಕೆಲಸಕ್ಕೂ ಮೂರು ಅವಧಿ ಬರೆಯುತ್ತಾರೆ: ಎಲ್ಲ ಸುಸೂತ್ರವಾದರೆ, ಸಾಮಾನ್ಯವಾಗಿ, ತೊಡಕಾದರೆ. ಕ್ರಮವಾಗಿ 4, 6, 14 ದಿನ ಎಂದಿದ್ದರೆ, ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು ಕೂಡಿ ಆರರಿಂದ ಭಾಗಿಸಿದಾಗ 7 ದಿನ ಸಿಗುತ್ತದೆ. ಇದು ಕೆಲಸ ಎಷ್ಟು ದಿನ ಹಿಡಿಯುತ್ತದೆ ಎಂಬ ಅನಿಶ್ಚಯ. ಯಾವ ಕೆಲಸ ಮಾಡಬೇಕಾಗುತ್ತದೆ ಎಂಬುದೇ ತಿಳಿಯದಿದ್ದರೆ ಈ ನಕ್ಷೆ ಸಾಲದು. ಅದರಲ್ಲಿ ಬರೆದ ಕೆಲಸಗಳೆಲ್ಲ ಆಗಲೇಬೇಕು. 1966ರಲ್ಲಿ ಅಲನ್ ಪ್ರಿಟ್ಸ್ಕರ್ ರೂಪಿಸಿದ ಗರ್ಟ್ ಎಂಬ ವಿಧಾನದಲ್ಲಿ ಕವಲಿಗೆ ಜಾಗವಿದೆ. ಒಂದು ಗಂಟಿನಿಂದ ಹೊರಡುವ ದಾರಿಗಳಲ್ಲಿ ಒಂದು ಮಾತ್ರ ನಡೆಯಬಹುದು, ಪರೀಕ್ಷೆಯಲ್ಲಿ ಸೋತ ಕೆಲಸ ಹಿಂದಕ್ಕೆ ಬಂದು ಮತ್ತೆ ನಡೆಯಬಹುದು. ಕನ್ನಂಬಾಡಿಯ ಅನಿಶ್ಚಯ ಈ ಎರಡನೆಯ ಬಗೆಯದು.

ನಮ್ಮ ರೈತರಿಗೆ ಇದು ಹೊಸದಲ್ಲ. ಸಕಾಲಕ್ಕೆ ಮಳೆ ಬಿದ್ದರೆ ರಾಗಿ, ತಡವಾದರೆ ಹುರುಳಿ. ಉಳುಮೆ, ಗೊಬ್ಬರ ಎರಡು ದಾರಿಗೂ ಒಂದೇ. ಈ ಮಾತಿನ ಮೇಲೆ ಮಕ್ಕಳಿಗೆ ಚಟುವಟಿಕೆ ಕೊಟ್ಟೆ: ಶಾಲೆಯ ಆವರಣದಲ್ಲಿ ಸಸಿ ನೆಡುವ ವೇಳಾಪಟ್ಟಿ ಬರೆಯಿರಿ. ಗುಂಡಿ ತೆಗೆಯುವುದು, ಬೇಲಿ, ಸಸಿ ತರುವುದು ಎರಡೂ ದಾರಿಗೆ ಬೇಕಾದ್ದರಿಂದ ಮೊದಲು ಬಂದವು. ನಂತರ ಒಂದು ಕವಲು: ಗೊತ್ತಾದ ದಿನಾಂಕದೊಳಗೆ ಹದವಾದ ಮಳೆಯಾದರೆ ನೆಡುವುದು, ಆಗದಿದ್ದರೆ ಸಸಿಗಳನ್ನು ನೆರಳಿನಲ್ಲಿಟ್ಟು ನೀರು ಹಾಕುವ ಸರದಿ ಹಂಚಿಕೊಂಡು ಹಿಂಗಾರಿಗೆ ನೆಡುವುದು. ಮಳೆ ಸಾಕಷ್ಟಾಯಿತೆಂದು ಹೇಳುವವರು ಯಾರು ಎಂಬುದನ್ನೂ ಒಂದು ಗುಂಪು ಬರೆದಿತ್ತು. ಅಡುಗೆಯ ಅಕ್ಕ, ಅವರಿಗೆ ಹೊಲವಿದೆ ಎಂದು.

ಪಾಠಯೋಜನೆಗೆ ಉಪಯೋಗ

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಮೌಲ್ಯಮಾಪನ ಒಂದರ ಕೆಳಗೊಂದು ಸಾಲಾಗಿ ಇಳಿಯುತ್ತವೆ. ಮಕ್ಕಳು ನಿರೀಕ್ಷಿಸಿದ ಉತ್ತರವನ್ನೇ ಕೊಡುತ್ತಾರೆಂಬ ನಂಬಿಕೆ ಅದರಲ್ಲಿದೆ. ಮೂರನೆಯ ಅವಧಿಯ ಯೋಜನೆಯನ್ನು ನಾನು ಬೇರೆ ರೀತಿ ಬರೆದಿದ್ದೆ. ನೀರಿನ ಒತ್ತಡ ಆಳದೊಂದಿಗೆ ಹೆಚ್ಚುತ್ತದೆ ಎಂದು ಮಕ್ಕಳಿಗೆ ಗೊತ್ತಿದ್ದರೆ ನೇರವಾಗಿ ಲೆಕ್ಕಕ್ಕೆ ಹೋಗುವುದು. ಗೊತ್ತಿಲ್ಲದಿದ್ದರೆ, ಬಾಟಲಿಗೆ ಮೂರು ಎತ್ತರದಲ್ಲಿ ತೂತು ಮಾಡಿ ನೀರು ಚಿಮ್ಮುವುದನ್ನು ತೋರಿಸಿ, ಲೆಕ್ಕವನ್ನು ಮನೆಗೆಲಸವಾಗಿ ಬಿಡುವುದು. ಬಾಟಲಿಯನ್ನು ತೂತು ಮಾಡಿಟ್ಟುಕೊಂಡೇ ಹೋಗಿದ್ದೆ. ಒಂದು ಪ್ರಶ್ನೆಗೆ ಅರ್ಧ ತರಗತಿ ಕೈಯೆತ್ತಿತು, ಬಾಟಲಿ ಚೀಲದಲ್ಲೇ ಉಳಿಯಿತು. ಆ ಬಾಟಲಿಯನ್ನು ವ್ಯರ್ಥವೆಂದು ನಾನು ಎಣಿಸುವುದಿಲ್ಲ.

ಮುಂದಿನ ಸಾಲಿನವರಿಗೆ ಮೂರು ಸಲಹೆಗಳು. ಒಂದು ಪಾಠಕ್ಕೆ ಒಂದು ಅಥವಾ ಎರಡು ಕವಲು ಸಾಕು. ಎಲ್ಲ ಪ್ರಶ್ನೆಗೂ ಕವಲು ಬರೆದರೆ ಯೋಜನೆಯೇ ಕಾಡಾಗುತ್ತದೆ. ಕವಲನ್ನು ನಿರ್ಧರಿಸುವ ಪ್ರಶ್ನೆಯನ್ನು ಅವಧಿಯ ಮೊದಲ ಹತ್ತು ನಿಮಿಷದೊಳಗೆ ಕೇಳಿ. ಎರಡು ದಾರಿಗೂ ಬೇಕಾದ ಕಲಿಕೋಪಕರಣವನ್ನು ಮೊದಲು ಸಿದ್ಧ ಮಾಡಿ, ತರಗತಿಯಲ್ಲಿ ಮತ್ತೆ ತಯಾರಿಸಲಾಗದಂಥದ್ದಕ್ಕೆ ಹೆಚ್ಚು ಸಮಯ ಕೊಡಿ. ಮೌಲ್ಯಮಾಪನಕ್ಕೆ ನಾನು ಕೊಟ್ಟ ಕೊನೆಯ ಪ್ರಶ್ನೆ ಇದು: 1924ರ ಒಪ್ಪಂದ ಆಗದೇ ಹೋಗಿದ್ದರೆ ಕನ್ನಂಬಾಡಿ ಇಂದು ಹೇಗಿರುತ್ತಿತ್ತು? ನಲವತ್ತೊಂದು ಉತ್ತರಪತ್ರಿಕೆಗಳಲ್ಲಿ ಮೂವತ್ತಮೂರರಲ್ಲಿ ಕಟ್ಟೆ ಇದ್ದೇ ಇರುತ್ತಿತ್ತು, ಗಿಡ್ಡವಾಗಿರುತ್ತಿತ್ತು ಎಂಬ ಉತ್ತರವಿತ್ತು. ಪ್ರಶ್ನೆ ಕೇಳಿದ್ದ ಹುಡುಗಿ ಇನ್ನೊಂದು ಸಾಲು ಸೇರಿಸಿದ್ದಳು: ಮುಳುಗಿದ ಕೆಲವು ಊರುಗಳೂ ಇರುತ್ತಿದ್ದವು.